ಒಂದೇ ದನಿಗೆ ಒಗ್ಗಿದ ಕಿವಿ

ತಿಂಗಳಿಗೆ ಐದು ರೂಪಾಯಿ ಫೀಸು, ಅವ್ವನ ಗೊಣಗಾಟ, ಓಣಿಯವರ ಓರೆನೋಟ... ಟೆಲಿಫೋನ್ ಆಪರೇಟರ್ ನೌಕರಿಗೆಂದು ಇಂಗ್ಲಿಷ್ ಕಲಿಯಲು ಶಹಾಬಾದಿನ ಗುರುದೇವಿಗೆ ಬಿದ್ದ ಖರ್ಚು ಇಷ್ಟು. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಮುಗಿದು ಐದಾರು ವರ್ಷವಾಗಿತ್ತು. ನೌಕರಿ ಸಿಗದಿದ್ದರೆ ಕುರಕುಂಟಾ ಊರಿನ ವರನೇ ಗಟ್ಟಿ ಎಂದು ಅಪ್ಪ ಸೂಗಪ್ಪ ಹೇಳಿಬಿಟ್ಟಿದ್ದ.

ಕಲಿಸುವವನು ಕಲ್ಯಾಣಪ್ಪ, ಟೆಲಿಫೋನ್ ಕಚೇರಿಯ ಆಪರೇಟರ್. ಪಾಠ ಅವನ ಅಕ್ಕನ ಮನೆಯ ಪಡಸಾಲೆಯಲ್ಲಿ.

"ಕಣ್ಣು ಮುಚ್ಚರಿ," ಎಂದ ಮೊದಲ ದಿನವೇ. "ಫೋನಿನ್ಯಾಗ ಮುಖ ಕಾಣಂಗಿಲ್ಲ. ಕೋಟ್... ಕೋರ್ಟ್... ಯಾವುದು ಯಾವುದು?"

ಮುಚ್ಚಿದಳು. ತನ್ನ ಎದೆಬಡಿತವೇ ಜೋರಾಗಿ ಕೇಳಿತು!

ಬರಬರುತ್ತ ಅವನು ಯಾವ ಶಬ್ದ ಹೇಳಿದರೂ ಅವಳು ತಪ್ಪದೆ ಗುರುತಿಸುವಂತಾದಳು. ಆಗಲೇ ಒಂದು ಸಂಜೆ ಅವನೆಂದ, "ನಾಳಿಂದ ನನ್ನ ಕಡಿ ಬರಬ್ಯಾಡ್ರಿ. ಹೈದರಾಬಾದಿನಿಂದ ನಜಮುನ್ನೀಸಾ ಟೀಚರ್ ಬಂದಾರ, ಅವರ ಹತ್ರ ಹೋಗ್ರಿ."

"ನಾ ಏನ್ ತಪ್ಪು ಮಾಡೀನ್ರಿ?"

"ಹೋಗ್ರಿ ಅಂದ್ರ ಹೋಗ್ರಿ."

'ಬೇಡವಾದೆನಾ ಇವರಿಗೆ?' ಆ ಹಟದಲ್ಲಿ ಅವಳು ಯಾರ ಬಳಿಯೂ ಹೋಗಲಿಲ್ಲ.

ವಾಡಿ ಊರಿನಲ್ಲಿ ನೌಕರಿಯ ಪರೀಕ್ಷೆ. ಪರದೆಯ ಹಿಂದೆ ಮುಂಬಯಿಯ ಸಾಹೇಬ. ರಕಾರವನ್ನೆಲ್ಲ ನುಂಗಿಯೇ ಮಾತಾಡುವವನು! ಕೋಟ್, ಕೋರ್ಟ್ ಎರಡೂ ಒಂದೇ. ಪಿನ್, ಪೆನ್ ಒಂದೇ. ಆ ದನಿಯೊಳಗೆ ಕಲ್ಯಾಣಪ್ಪನ ದನಿಯನ್ನು ಹುಡುಕಿದಳು... ಸಿಗಲಿಲ್ಲ. ಫೇಲಾದಳು.

ಶಹಾಬಾದ್ ಸ್ಟೇಷನ್ನಿನಲ್ಲಿ ಅವನೇ ನಿಂತಿದ್ದ. "ಏನಾತು?"

"ಹೋತು! ಖುಷಿ ಆತಿಲ್ಲ? ಓಡಸಬೇಕಂತಿದ್ರಿ, ಓಡಿಸಿದ್ರಿ."

"ಓಡಸಲಿಲ್ಲ ಗುರುದೇವಿ! ನಾ ಬಾಯಿ ತೆಗಿಯೂದರಾಗ ನೀವು ಉತ್ತರ ಹೇಳ್ತಿದ್ರಿ. ನಿಮ್ಮ ಕಿವಿ ನನ್ನ ದನಿಗಷ್ಟೇ ಒಗ್ಗಿತ್ತು. ಬ್ಯಾರೆಯವರ ಇಂಗ್ಲಿಷೂ ಕೇಳಲಿ ಅಂತ ಕಳಿಸಿದ್ದೆ."

"ಅವತ್ತೇ ಹೇಳಬಾರದಿತ್ತಾ?"

"ಇನ್ನೊಂದು ಮಾತಾಡಿದ್ರ... ನನಗ ನಿಮ್ಮನ್ನ ಕಳಸಾಕ ಆಗ್ತಿರಲಿಲ್ಲ."

ಅವಳ ಕಣ್ಣು ತುಂಬಿತು. "ನಿಮ್ಮ ಮಾತೊಂದೇ ನನಗ ತಿಳಿಯೂದು. ಇಂಥಾಕಿಗೆ ಯಾರು ನೌಕರಿ ಕೊಡ್ತಾರ? ನಾ ಏನ್ ಮಾಡ್ಲಿ?"

"ನೌಕರಿ ನನ್ನ ಕೈಯಾಗಿಲ್ಲ. ನಿಮ್ಮಪ್ಪನ ಮುಂದ ಕುಂದ್ರೂದು ನನ್ನ ಕೈಯಾಗ ಅದ. ಬರಲೇನು?"

"ಅಪ್ಪ ಭಾಳ ಬೈತಾನ."

"ಬೈಲಿ. ಕನ್ನಡದಾಗ ಬೈತಾರಲ್ಲ, ತಿಳೀತದ."

ಅಳುತ್ತಲೇ ನಕ್ಕಳು. "ಬರ್ರಿ..."

ಸೂಗಪ್ಪ ಬೈದ, ಬೈದು ಬೈದು ಒಪ್ಪಿದ. ನೌಕರಿ ಬೇರೆಯವಳ ಪಾಲಾಯಿತು, ಅದಕ್ಕಾಗಿ ಗುರುದೇವಿ ಬಹಳ ದಿನ ಮರುಗಿದಳು. ಕಲ್ಯಾಣಪ್ಪ ಅವಳವನಾದ.