ತೇಜವ್ವನ ನೂರಾ ಹನ್ನೆರಡು ಮಂದಿ

"ಅಂದಾನಪ್ಪ. ಗಿರಾಕಿ. ವಯಸ್ಸು ಎಂಬತ್ತಾರು. ಮೊಸರು ಕೊಟ್ಟರೆ ಕೆಮ್ಮುತ್ತಾರೆ" ಎಂದು ತೇಜವ್ವನ ಬಲಗಿವಿಯ ಬೆಂಡೋಲೆ ಉಸುರಿತು.

"ಬರ್ರಿ ಅಂದಾನಪ್ಪಜ್ಜಾರ, ಕುಂದರ್ರಿ. ಇವತ್ತು ಮೊಸರಿಲ್ಲ ನೋಡ್ರಿ" ಎಂದಳು ತೇಜವ್ವ. ಅವಳ ಬೆನ್ನ ಹಿಂದಿನ ಗಡಿಗೆಯ ತುಂಬ ಮೊಸರಿತ್ತು. "ಎಂಬತ್ತಾರನೇ ವಯಸ್ಸಿನ್ಯಾಗ ಥಂಡಿ ಬ್ಯಾಡ."

"ತೊಂಬತ್ತೆರಡು!" ಎಂದು ಅಜ್ಜ ಕೋಲು ಕುಟ್ಟಿದ. "ಆರು ವರ್ಷ ಯಾರ ನುಂಗಿದ್ರು?"

ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಡಾಕ್ಟರ್ ಇಂಪನಾ ಕೊಣ್ಣೂರ ತಲೆ ತಗ್ಗಿಸಿ ತಮ್ಮ ಕೈಯ ಗಣಕ ಫಲಕದಲ್ಲಿ ಏನೋ ಗುರುತು ಹಾಕಿಕೊಂಡರು. ಅಜ್ಜನ ಆರು ವರ್ಷಗಳನ್ನು ನುಂಗಿದ್ದು ಅವರದೇ ಉಪಕರಣವಾಗಿತ್ತು.

ಇಸವಿ ಎರಡು ಸಾವಿರದ ಅರವತ್ತಾರು. ಗದಗಿನ ಸ್ಟೇಷನ್ ರಸ್ತೆಯಲ್ಲಿ ತೇಜವ್ವ, ಅಂದರೆ ತೇಜಸ್ವಿನಿ ಮುಂಡರಗಿಯವರ ರೊಟ್ಟಿ ಖಾನಾವಳಿಯನ್ನು ಅರಿಯದವರಿರಲಿಲ್ಲ. ಯಾರಿಗೆ ಖಾರ ಬೇಕು, ಯಾರಿಗೆ ಗರಿಗರಿ ಕಟಕ ರೊಟ್ಟಿ ಆಗದು ಎಂಬುದೆಲ್ಲ ಆಕೆಗೆ ಬಾಯಿಪಾಠ. ಆದರೆ ಎರಡು ವರ್ಷದ ಹಿಂದೆ ಬಂದ ಮೆದುಳು ಜ್ವರವೊಂದು, ಜೀವ ಉಳಿಸಿ, ಗುರುತಿಸುವ ಶಕ್ತಿಯನ್ನು ಮಾತ್ರ ಕೊಂಡೊಯ್ದಿತ್ತು. ಮನುಷ್ಯರು ನೆನಪಿದ್ದರು, ಎದುರಿಗೆ ನಿಂತರೆ ಮುಖವಾಗಲಿ ದನಿಯಾಗಲಿ ಯಾರದೆಂದು ಹೊಳೆಯುತ್ತಿರಲಿಲ್ಲ. ಹೆತ್ತ ಮಗಳನ್ನೇ "ಎಷ್ಟು ಮಂದಿ ಅದೀರಿ?" ಎಂದು ಕೇಳಿಬಿಟ್ಟ ದಿನ ಆಕೆ ಒಲೆ ಆರಿಸಿ ಮಲಗಿಬಿಟ್ಟಿದ್ದಳು.

ಮತ್ತೆ ಒಲೆ ಹೊತ್ತಿಸಿದ್ದು ಧಾರವಾಡದ ಪ್ರಯೋಗಾಲಯದಿಂದ ಬಂದ 'ಮುಖಸೂಚಿ'. ಅದರ ಕಣ್ಣು ಮೂಗುಬೊಟ್ಟಿನಲ್ಲಿ, ಬಾಯಿ ಬೆಂಡೋಲೆಯಲ್ಲಿ; ಕಿವಿಯ ಹಿಂದಿನ ನರಕ್ಕೆ ಕೂದಲಿನಷ್ಟು ತೆಳುವಾದ ತಂತಿ. ನರಕ್ಕೆ ತಾಗುವ ಯಾವುದೇ ಯಂತ್ರದಲ್ಲಿ ಎಂಬತ್ತು ವರ್ಷ ಬಳಸಿ ಪರೀಕ್ಷಿಸಿದ ತಂತ್ರಾಂಶವೇ ಇರಬೇಕೆಂದು ಆಗಿನ ಕಾಯ್ದೆ. ಆ ಕಾಯ್ದೆಗೆ ಒಗ್ಗುವಂಥದ್ದು ಒಂದೇ ಸಿಕ್ಕಿತು: ಮೊಟ್ಟಮೊದಲ ಮನೆಗಣಕಗಳು ತಮ್ಮ ಫ್ಲಾಪಿ ಎಂಬ ಮೆತುತಟ್ಟೆಗಳ ಮೇಲೆ ಕಡತಗಳನ್ನು ಜೋಡಿಸಿಡುತ್ತಿದ್ದ ಹಳೆಯ ಪದ್ಧತಿ. ಅದರಲ್ಲಿ ದೋಷಗಳಿರಲಿಲ್ಲವೆಂದಲ್ಲ, ಇದ್ದ ದೋಷಗಳೆಲ್ಲ ಜಗತ್ತಿಗೇ ಗೊತ್ತಾಗಿಹೋಗಿದ್ದವು. ಅದರ ಪ್ರಕಾರ ಕಾಲ ಆರಂಭವಾಗುವುದೇ ಸಾವಿರದ ಒಂಬೈನೂರ ಎಂಬತ್ತರಿಂದ. ಅದಕ್ಕೂ ಮುಂಚೆ ಹುಟ್ಟಿದ ಅಂದಾನಪ್ಪಜ್ಜನಂಥವರು ಅದರ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಎಳೆದು ತಂದು ಎಂಬತ್ತಕ್ಕೆ ಕಟ್ಟುತ್ತಿತ್ತು. ಹೆಸರಿಗೆ ಎಂಟೇ ಅಕ್ಷರ, ಅದರ ಬಾಲಕ್ಕೆ ಸಂಬಂಧ ಹೇಳಲು ಮೂರೇ ಅಕ್ಷರ: ಮಗಳು, ಗೆಳತಿ, ಗಿರಾಕಿ. ತೇಜವ್ವ ಹೇಳಿ ಬರೆಸಿದ ಉಳಿದ ಮಾತೆಲ್ಲ ಆ ಹೆಸರಿನ ಒಳಗಿನ ಕಡತದಲ್ಲಿ.

ಇಷ್ಟರಲ್ಲೇ ಬಾಳುವೆ ಸಾಗುತ್ತಿತ್ತು. ಆದರೆ ಶ್ರಾವಣದಲ್ಲಿ ಒಂದು ಅನಾಹುತವಾಯಿತು. ಮಗಳ ಮದುವೆ ಗೊತ್ತಾಗಿ, ಅಳಿಯನಾಗುವ ಹುಡುಗ ಯಾದಗಿರಿಯಿಂದ ಬಂದು ಊಟಕ್ಕೆ ಕುಳಿತ. ಬೆಂಡೋಲೆ ತುಟಿ ಬಿಚ್ಚಲಿಲ್ಲ. ಎರಡನೆಯ ರೊಟ್ಟಿ ಮುರಿಯುವ ಮೊದಲೇ ತೇಜವ್ವ, "ತಮ್ಮಾ, ಉಂಡಿದ್ರ ಜಾಗ ಬಿಡು, ಹಿಂದ ಮಂದಿ ನಿಂತಾರ" ಎಂದಳು. ಅವನು ಎದ್ದ. ಮಗಳು ಅತ್ತಳು. ಹಿಂದಿನ ದಿನವಷ್ಟೇ ಫೋಟೋದಲ್ಲಿ ಅವನ ಮುಖವನ್ನು ಯಂತ್ರಕ್ಕೆ ಮೂರು ಸಲ ತೋರಿಸಿಯಾಗಿತ್ತು.

ಮರುದಿನವೇ ಇಂಪನಾ ಓಡಿ ಬಂದರು.

"ಜಾಗ ತುಂಬೈತ್ರಿ ತೇಜಕ್ಕಾ" ಎಂದರು, ಪರೀಕ್ಷೆ ಮುಗಿಸಿ. "ಇದರ ಮೂಲಪಟ್ಟಿ ಏಳು ಹೋಳು. ಒಂದೊಂದು ಹೋಳಿನ್ಯಾಗ ಹದಿನಾರು ಸಾಲು. ಏಳು ಹದಿನಾರಲೆ ನೂರಾ ಹನ್ನೆರಡು. ನೂರಾ ಹದಿಮೂರನೇದವ್ರಿಗೆ ಜಾಗಿಲ್ಲ."

"ಇನ್ನೊಂದು ಬುಟ್ಟಿ ಇಡ್ರೆಲ್ಲ."

"ಅದು ಸ್ಥಿರಾಂಕ. ತಟ್ಟೆ ತಯಾರಾದಾಗಲೇ ಬರೆದಿಟ್ಟ ಅಂಕಿ. ಬದಲಿಸಿದ್ರ ಇನ್ನ ಎಂಬತ್ತು ವರ್ಷ ಪರೀಕ್ಷೆ ಮಾಡಬೇಕಾಗತೈತಿ."

"ಅಷ್ಟೊತ್ತಿಗೆ ಅಳಿಯಗ ಹಸಿವು ಆಗಿರತೈತಿ" ಎಂದಳು ತೇಜವ್ವ.

ಇಬ್ಬರೂ ಪಟ್ಟಿ ಓದುತ್ತ ಕುಳಿತರು. ಪಟ್ಟಿಯಲ್ಲಿ ತೀರಿಕೊಂಡವರು ಮೂವರಿದ್ದರು. ಅವರಲ್ಲೊಬ್ಬ ತೇಜವ್ವನ ಗಂಡ. ಅವರನ್ನು ತೆಗೆದರೆ ಮೂರು ಸಾಲು ಸಿಗುತ್ತದೆಂದು ಇಂಪನಾ ಮೆಲ್ಲಗೆ ಸೂಚಿಸಿದರು.

"ಗೋಡಿ ಮ್ಯಾಲಿನ ಫೋಟೋ ನೋಡಿದಾಗ ದಿನಾ ಮುಂಜಾನಿ ಹೆಸರ ಹೇಳತೈತಿ. ಅದನ್ನ ತಗದ್ರ ಅಲ್ಲಿ ಯಾರೋ ಗಂಡಸು ನನ್ನ ನೋಡಕೊಂತ ನಿಂತಂಗ ಆಗತೈತಿ. ಬ್ಯಾಡ."

ಕೊನೆಗೆ ಒಮ್ಮೆ ಮಾತ್ರ ಬಂದುಹೋದ ವಿಮಾ ಏಜೆಂಟನೊಬ್ಬ ಸಿಕ್ಕ. ಅವನನ್ನು ಅಳಿಸಿದರು. ಅವನ ಕೆಳಗಿನ ಸಾಲು 'ಚಂದನಾ, ವೈರಿ.'

"ವೈರಿ ಯಾಕ್ರಿ ಬರಸೀರಿ?" ಎಂದು ಇಂಪನಾ ಬೆರಗಾದರು.

"ಮಾರಿ ತಿರುಗಸಾಕಾದ್ರೂ ಗುರ್ತ ಸಿಗಬೇಕಲ್ಲ? ಹಳೇ ಫೋಟೋ ತೋರಿಸಿ ಬರಸೇನಿ."

ಚಂದನಾ ಒಂದು ಕಾಲಕ್ಕೆ ಈ ಖಾನಾವಳಿಯ ಅರ್ಧ ಒಡತಿ. ಹತ್ತೊಂಬತ್ತು ವರ್ಷದ ಹಿಂದೆ ಒಂದು ದೊಡ್ಡ ಸಮಾರಂಭದ ಊಟದಲ್ಲಿ ಎಲ್ಲರೂ ಬದನೆಕಾಯಿ ಎಣ್ಣೆಗಾಯಿಯನ್ನು ಹೊಗಳಿದಾಗ, ವೇದಿಕೆಗೆ ಕರೆದು ಶಾಲು ಹೊದಿಸಿದ್ದು ಚಂದನಾಳಿಗೆ. ಮಸಾಲೆ ತನ್ನದೆಂದು ತೇಜವ್ವ. ಹುರಿದವಳು ತಾನೆಂದು ಚಂದನಾ. ಅಂದಿನಿಂದ ಮಾತಿಲ್ಲ. ಚಂದನಾ ಬೆಟಗೇರಿಗೆ ಹೋಗಿ ಬೇರೆ ಒಲೆ ಹೂಡಿದಳು.

"ಈಕಿನ್ನೂ ಅಳಸ್ರಿ" ಎಂದಳು ತೇಜವ್ವ. "ಹತ್ತೊಂಬತ್ತು ವರ್ಷ ಈ ಕಡೆ ಹಾದಿಲ್ಲ. ಸುಮ್ನ ಜಾಗ ಹಿಡದಾಳ."

ಅಳಿಸುತ್ತಲೇ ಇಂಪನಾ, ಶಿಕ್ಷಕಿಯ ಉತ್ಸಾಹದಲ್ಲಿ, ವಿವರಿಸಿದರು. ಹಳೆಯ ಪದ್ಧತಿಯಲ್ಲಿ ಅಳಿಸುವುದೆಂದರೆ ಒರೆಸುವುದಲ್ಲ. ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಗುರುತು ಒತ್ತುವುದು, ಅಷ್ಟೇ. ಬೇರೆಯವರು ಬಂದು ಅಲ್ಲಿ ಕೂರುವವರೆಗೆ ಒಳಗಿನದೆಲ್ಲ ಇದ್ದಲ್ಲೇ ಇರುತ್ತದೆ. ತೇಜವ್ವ ಹೂಂಗುಟ್ಟಿದಳು. ಅಳಿಯ ಮೊದಲು ಸಿಕ್ಕ ಖಾಲಿ ಸಾಲಿನಲ್ಲಿ, ಏಜೆಂಟನ ಜಾಗದಲ್ಲಿ, ಕುಳಿತ. ಮಗಳು ನಕ್ಕಳು.

ದಸರೆಯ ಹೊತ್ತಿಗೆ ಇಂಪನಾ ಮತ್ತೆ ಬಂದಾಗ ತೇಜವ್ವನ ಮುಖದಲ್ಲಿ ಹೊಸ ಕಳೆಯಿತ್ತು.

"ನನಗೊಬ್ಬ ಗೆಳತಿ ಸಿಕ್ಕಾಳ್ರಿ" ಎಂದಳು. "ವಂದನಾ ಅಂತ. ಮೊದಲನೇ ದಿನಾನ ಎಣ್ಣೆಗಾಯಿ ತಿಂದು, ಎಳ್ಳು ಹೆಚ್ಚಾತು ಅಂದ್ಲು! ನನ್ನ ಮುಂದ! ಜಡ್ಡಾದಾಗಿಂದ ಎಲ್ಲಾರೂ ಭಾಳ ಛಲೋ ಆಗೇತಿ, ಭಾಳ ಛಲೋ ಆಗೇತಿ ಅಂತ ಕೂಸಿಗೆ ಹೇಳಿದಂಗ ಹೇಳತಾರ. ಈಕಿ ಒಬ್ಬಾಕಿ ನನ್ನ ಜೋಡಿ ಜಗಳಾಡಿದ್ಲು."

ಅಂದಿನಿಂದ ಅವಳು ದಿನಾ ಗಡಿಯಾರದ ಕೆಳಗಿನ ಜಾಗದಲ್ಲಿ ಕೂರುತ್ತಾಳೆ, ಜಾಗದಿಂದಲೇ ತೇಜವ್ವ ಗುರುತು ಹಿಡಿಯುತ್ತಾಳೆ. ಹೋದ ವಾರ ಅಲ್ಲಿ ಬೇರೆ ಯಾರೋ ಕುಳಿತಿದ್ದರು. ವಂದನಾ ಬಾಗಿಲ ಬಳಿ ಕುಳಿತಳು, ತೇಜವ್ವ ಆಕೆಯನ್ನು ಮಾತಾಡಿಸದೆ ಹಾದುಹೋದಳು. "ಆಮ್ಯಾಲ ತಿಳೀತು. ಅಕಿ ಅರ್ಧಾ ಊಟ ಬಿಟ್ಟು ಎದ್ದು ಹೋಗಿದ್ಲಂತ. ಇನ್ನೊಮ್ಮೆ ಹಂಗ ಆಗಬಾರದು. ಈಕಿನ್ನ ಬರಕೊಳ್ರಿ. ಗೆಳತಿ ಅಂತ ಹಾಕ್ರಿ."

ವಂದನಾ ಬಂದಳು: ಅರವತ್ತು ದಾಟಿದ ಹೆಂಗಸು, ಮುಂಗೈಯಲ್ಲಿ ಒಲೆಯ ಹಳೆಯ ಸುಟ್ಟ ಗಾಯ. ಇಂಪನಾ ತೇಜವ್ವನನ್ನು ಆಕೆಯ ಎದುರು ನಿಲ್ಲಿಸಿ ಮೂಗುಬೊಟ್ಟಿಗೆ ಮುಖ ತೋರಿಸಿದರು. ಫಲಕದಲ್ಲಿ ಹೊಸ ಸಾಲು ತೆರೆಯಲಿಲ್ಲ. ಬದಲಾಗಿ, ಈ ಮುಖ ಮೊದಲೇ ಇತ್ತು, ಅಳಿಸಲಾಗಿದೆ, ಎಂಬ ಸೂಚನೆ ಬಂತು. ಮೊದಲಕ್ಷರ ಹೋಗಿ ಉಳಿದಿದ್ದು ಇಷ್ಟೇ: 'ದನಾ, ವೈರಿ.' ಕೆಳಗೆ ಯಂತ್ರ ವಿನಯದಿಂದ ಕೇಳಿತ್ತು: ಮೊದಲಕ್ಷರ ಯಾವುದು?

ಇಂಪನಾ ತಲೆಯೆತ್ತಿದರು. ತೇಜವ್ವ ಒಲೆಯ ಕಡೆ ತಿರುಗಿದ್ದಳು. ಆ ಹೆಂಗಸು, ಫಲಕ ಕಾಣದಿದ್ದರೂ ಡಾಕ್ಟರ ಮುಖ ನೋಡಿಯೇ ಎಲ್ಲ ಅರಿತು, ಎರಡೂ ಕೈ ಜೋಡಿಸಿದಳು.

"ಕುತಿಗಿ ತನಕಾ ಬಂದಿತ್ರಿ ಖರೇ ಹೆಸರು" ಎಂದು ಪಿಸುಗುಟ್ಟಿದಳು. "ಹೇಳಿದ್ರ ಎಬ್ಬಿಸಿ ಕಳಸ್ತಾಳ. ಅಕಿ ಕೈಯಾಗಿಂದು ಉಣಬೇಕನಸ್ತು. ಗುರ್ತ ಹತ್ತಂಗಿಲ್ಲ ಅಂತ ಕೇಳಿದ ಮ್ಯಾಲ ಧೈರ್ಯ ಬಂತು."

ಪ್ರಯೋಗದ ದಾಖಲೆಯಲ್ಲಿ ಸುಳ್ಳು ಬರೆಯುವುದು ವಿಜ್ಞಾನಿಗೆ ತಕ್ಕುದಲ್ಲ. ಆದರೂ ಇಂಪನಾ ಮೊದಲಕ್ಷರದ ಜಾಗದಲ್ಲಿ 'ವಂ' ಎಂದು ಒತ್ತಿದರು. 'ವೈರಿ'ಯನ್ನು 'ಗೆಳತಿ' ಮಾಡಿದರು.

"ಆತ್ರಿ" ಎಂದರು.

ತೇಜವ್ವ ಸಂಭ್ರಮದಿಂದ ಇಬ್ಬರಿಗೂ ತಾಟು ಹಾಕಿದಳು. ಡಾಕ್ಟರು ಕುಳಿತರು. ಚಂದನಾ ಕೈ ತೊಳೆಯಲು ಹೊರಗೆ ಹೋದಳು. ಇಂಪನಾ ಬಾಯಿಗೆ ಒಯ್ದ ಮೊದಲ ತುತ್ತನ್ನು ತಾಟಿಗೇ ಹಾಕಿದರು. ಹೆಸರು ಬದಲಿಸಿದ್ದೇನೋ ಸರಿ, ಒಳಗಿನದು? ಒಳಗಿನದೆಲ್ಲ ಇದ್ದಲ್ಲೇ ಇರುತ್ತದೆಂದು ಪಾಠ ಹೇಳಿದವರು ತಾವೇ!

ಫಲಕಕ್ಕೆ ಕೈ ಹಾಕುವ ಮೊದಲೇ ಚಂದನಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಬೆಂಡೋಲೆ ತೇಜವ್ವನ ಕಿವಿಯಲ್ಲಿ ಹೇಳಿದ್ದು ಡಾಕ್ಟರ ಫಲಕದಲ್ಲೂ ಮೂಡಿತು: "ವಂದನಾ. ಗೆಳತಿ. ಕಂಡಕೂಡಲೆ ಮಾರಿ ತಿರುಗಿಸು. ಎಣ್ಣೆಗಾಯಿ ಕಳ್ಳಿ. ಶಾಲು ಹೊದ್ದಾಕಿ."

ತೇಜವ್ವ ಸೌಟು ಹಿಡಿದು ನಿಂತಳು. ಮಾರಿ ತಿರುಗಿಸಿದಳು. ಅವಳ ಭುಜ ಅಲುಗುತ್ತಿರುವುದು ಇಂಪನಾಗೆ ಕಂಡಿತು. ಅಳುವೋ ಸಿಟ್ಟೋ ತಿಳಿಯಲಿಲ್ಲ. ಚಂದನಾ ಬಾಗಿಲಲ್ಲೇ ಕಲ್ಲಾದಳು.

"ಏ ಚಂದನಾ" ಎಂದಳು ತೇಜವ್ವ, ಗೋಡೆಯ ಕಡೆಗೇ. "ಎರಡು ತಿಂಗಳಿಂದ ಎಳ್ಳು ಹೆಚ್ಚಾತು, ಎಳ್ಳು ಹೆಚ್ಚಾತು ಅಂತ ಜೀವಾ ತಿಂತಿ. ನನಗ ಹುರಿಯಾಕ ಬರಂಗಿಲ್ಲ ಅಂತ ಗೊತ್ತಿದ್ರೂ ಕುಂತು ಉಣ್ಣತಿ. ಒಳಗ ಬಂದು ಹುರಿಯಾಕ ಏನಾಗಿತ್ತ ನಿನಗ?"

ಚಂದನಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಅಡುಗೆಮನೆಗೆ ನಡೆದಳು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಬಾಣಲೆಯ ಸದ್ದು, ಅದನ್ನು ಮೀರಿಸಿದ ಎರಡು ದನಿಗಳ ಸದ್ದು ಕೇಳತೊಡಗಿದವು. ಶಾಲಿನ ಮಾತು ಬಂತು, ಮಸಾಲೆಯ ಮಾತು ಬಂತು. ಗಿರಾಕಿಗಳು ತಾವೇ ಎದ್ದು ರೊಟ್ಟಿ ಬಡಿಸಿಕೊಂಡರು. ಅಂದಾನಪ್ಪಜ್ಜ ಯಾರೂ ನೋಡುತ್ತಿಲ್ಲವೆಂದು ಮೊಸರಿನ ಗಡಿಗೆಯನ್ನೇ ಮುಂದಕ್ಕೆಳೆದುಕೊಂಡ.

ಇಂಪನಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ತಪ್ಪು ತಮ್ಮದೇ ಎಂದರು. ಆ ಬೈಗುಳವನ್ನು ಈಗಲೇ ಒರೆಸಿಬಿಡುವುದಾಗಿ ಹೇಳಿದರು.

"ಬ್ಯಾಡ್ರಿ, ಇರ್ಲಿ" ಎಂದಳು ತೇಜವ್ವ, ಕಣ್ಣೊರೆಸಿಕೊಂಡು. "ಈಕಿ ದಿನಾ ಬರಾಕಿ. ಮೊದಲನೇ ಬೈಗುಳಾ ಅದ ಬೈದುಬಿಟ್ರ, ಮುಂದಿಂದು ನಾ ನೋಡಕೋತೀನಿ."