ಸೊಪ್ಪಿನ ಮನೆಗೆ ಹೆಣ್ಣು

"ಅಲ್ಲಾ ಸ್ವಾಮಿ, ಇಷ್ಟೊತ್ತೂ ಮೊಟ್ಟೆ ತಿನ್ನಿ, ಮೊಟ್ಟೆ ತಿನ್ನಿ ಅಂತ ಭಾಷಣ ಬಿಗಿದ್ರಲ್ಲ, ನೀವು ತಿಂತೀರಾ?"

ಬ್ಯಾಟರಾಯನಪುರದ ಅರಳಿಕಟ್ಟೆ ಮೇಲೆ ನಿಂತಿದ್ದ ಹೊಸ ಗ್ರಾಮಸೇವಕ ಆನಂದಪ್ಪ ದನಿ ಬಂದತ್ತ ತಿರುಗಿದ. ಕೇಳಿದವಳು ಪಿಳ್ಳಪ್ಪನ ಮಗಳು ಅಂಜಿನಮ್ಮ. ಹೆಬ್ಬಾಳದ ಫಾರಂನಿಂದ ಬಿಳಿ ಕೋಳಿ ತಂದು ಸಾಕಿ, ಮೊಟ್ಟೆ ಮಾರಿ, ತನ್ನ ಸೀರೆಯನ್ನು ತಾನೇ ಕೊಳ್ಳುವ ಹುಡುಗಿ. ಅವಳಿಗೆ ಯಾರ ಭಯ?

"ಇಲ್ಲ, ನಾನು ತಿನ್ನಲ್ಲ" ಅಂದ ಆನಂದಪ್ಪ. "ನಮ್ಮದು ದಾಸರ ಮನೆ. ತಾತ ದೀಕ್ಷೆ ತಗೊಂಡ ಕಾಲದಿಂದ ನಮ್ಮ ಒಲೆ ಮೇಲೆ ಮಾಂಸ, ಮೊಟ್ಟೆ ಬೆಂದಿಲ್ಲ."

ಕಟ್ಟೆ ಸುತ್ತ ಕೂತಿದ್ದವರು ಹೋ ಎಂದು ನಕ್ಕರು. ಸರ್ಕಾರ ಕಳಿಸಿ ಕಳಿಸಿ ಎಂಥವನನ್ನು ಕಳಿಸಿದೆ ನೋಡಿ!

"ನಗಬೇಡಿ. ಮೊಟ್ಟೆ ಒಳ್ಳೇದು, ತಿನ್ನೋರು ತಿನ್ನಲಿ. ಆದ್ರೆ ಹುರುಳಿ, ಸೊಪ್ಪು, ಮೊಸರು ಹೊಟ್ಟೆ ತುಂಬ ತಿಂದ್ರೆ ಅದಿಲ್ದೇನೂ ಗಟ್ಟಿಯಾಗಿರಬಹುದು. ಬೇಕಾದ್ರೆ ನನ್ನೇ ನೋಡಿ."

ನೋಡಿ ಅಂದದ್ದೇ ಸಾಕಾಯಿತು. ಅಂಜಿನಮ್ಮ ಚೆನ್ನಾಗಿಯೇ ನೋಡಿದಳು. ಸೈಕಲ್ ತುಳಿದು ಬಲಿತ ಕಾಲು, ಖಾದಿ ಶರ್ಟು ಬಿಗಿದು ಕೂತ ತೋಳು, ಬಿಸಿಲಿಗೋ ನಾಚಿಕೆಗೋ ಕೆಂಪಾದ ಕಿವಿ. ಬೇಕಾದದ್ದಕ್ಕಿಂತ ಒಂದು ಗಳಿಗೆ ಜಾಸ್ತಿಯೇ ನೋಡಿದಳು. ಅದು ಅವನಿಗೂ ಗೊತ್ತಾಯಿತು.

ಅದು ಅರವತ್ನಾಲ್ಕನೇ ಇಸವಿ. ಊರೂರಲ್ಲೂ ಪೌಷ್ಟಿಕ ಆಹಾರದ ಮಾತು. ಗ್ರಾಮಸೇವಕರು ಮನೆಮನೆಗೆ ಹೋಗಿ ಕೋಳಿ, ಕೈತೋಟ ನೋಡಿ ಬರಬೇಕಿತ್ತು. ಆದರೆ ಊರಿನ ಅಷ್ಟೂ ಕೋಳಿಗಳಲ್ಲಿ ಅಂಜಿನಮ್ಮನ ಕೋಳಿಗಳನ್ನೇ ಅಷ್ಟು ಸಲ ನೋಡಬೇಕೆಂದು ಸರ್ಕಾರವೇನೂ ಹೇಳಿರಲಿಲ್ಲ.

"ಕೋಳಿ ಮುಟ್ಟದೋರು ಕೋಳಿ ಗೂಡಿನಾಗೆ ಏನ್ ಮಾಡ್ತೀರಿ?" ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಕೋಳಿ ತಿನ್ನಲ್ಲ ಅಷ್ಟೆ ಕಣ್ರೀ. ಮಾತಾಡಿಸ್ಬಾರ್ದು ಅಂತ ಇಲ್ವಲ್ಲ."

"ಕೋಳಿನೋ, ಕೋಳಿ ಸಾಕೋಳ್ನೋ?"

ಆನಂದಪ್ಪ ತಂದಿದ್ದ ನುಗ್ಗೆಕಡ್ಡಿಯನ್ನು ಅವಳ ಕೈಗೆ ಕೊಟ್ಟ. "ಬೇಲಿ ಪಕ್ಕ ನೆಡಿ. ಈ ಸೊಪ್ಪು ತಿಂದೋರು ನಿಮ್ಮ ಕೋಳಿ ತಿಂದೋರಿಗೆ ಕಮ್ಮಿಯಿಲ್ಲ."

"ನೋಡಾನ" ಅಂದಳು. ಅವತ್ತೇ ನೆಟ್ಟಳು.

ಅವನು ಬರುತ್ತಿದ್ದದ್ದು ಶನಿವಾರ. ಪಿಳ್ಳಪ್ಪನ ಮನೆದೇವರು ತಿಮ್ಮಪ್ಪ, ಹಾಗಾಗಿ ಶನಿವಾರ ಆ ಮನೆಯಲ್ಲೂ ಮಾಂಸ ಇಲ್ಲ. ಒಲೆ ಸಾರಿಸಿ, ಅಟ್ಟದ ಮೇಲಿನ, ಮಾಂಸ ಮುಟ್ಟಿಸದ ವಾರದ ಮಡಕೆ ಇಳಿಸಿ ಉಪ್ಸಾರು ಮಾಡುತ್ತಿದ್ದರು. ಆ ಮಡಕೆಯ ಊಟ ಆನಂದಪ್ಪನಿಗೂ ನಡೆಯುತ್ತಿತ್ತು.

"ನಮ್ಮನೇಲಿ ವಾರಕ್ಕೊಂದು ಶನಿವಾರ, ನಿಮ್ಮನೇಲಿ ದಿನಾ ಶನಿವಾರ" ಎಂದು ಛೇಡಿಸುತ್ತ ಅಂಜಿನಮ್ಮ ಮುದ್ದೆ ಬಡಿಸುತ್ತಿದ್ದಳು. ಅಪ್ಪನಿಗೆ, ಇಬ್ಬರು ಅಣ್ಣಂದಿರಿಗೆ, ಅವನಿಗೆ.

"ನೀವು?" ಒಂದು ದಿನ ಅವನು ತಲೆಯೆತ್ತಿ ಕೇಳಿದ.

"ನಮ್ದೇನು, ಆಮೇಲೆ."

ಅವನು ತುತ್ತು ಕೈಯಲ್ಲೇ ಹಿಡಿದು ಅವಳನ್ನೇ ನೋಡಿದ. ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು. ಇವನನ್ನೇ ಕಟ್ಟಿಕೊಳ್ಳುವುದು ಎಂದು ಅಲ್ಲಿಯೇ, ಸಾರಿನ ಸೌಟು ಕೈಯಲ್ಲಿ ಹಿಡಿದಂತೆಯೇ ಅವಳು ನಿಶ್ಚಯ ಮಾಡಿಬಿಟ್ಟಳು.

ಸುಗ್ಗಿ ಮುಗಿಯುವ ಹೊತ್ತಿಗೆ ಆನಂದಪ್ಪ ನೇರವಾಗಿ ಪಿಳ್ಳಪ್ಪನನ್ನೇ ಕೇಳಿದ. ಕುಲ ಒಂದೇ, ಅವನಿಗೆ ಕೆಲಸ ಇದೆ, ಅವನೂರು ಅಬ್ಬಿಗೆರೆಯಲ್ಲಿ ಹೊಲ ಇದೆ. ಆದರೂ ಪಿಳ್ಳಪ್ಪ ತಲೆಯಾಡಿಸಿದ.

"ಉಡುಗ ನೀನು ಒಳ್ಳೆಯವ್ನೇ ಕಣಪ್ಪ. ಆದ್ರೆ ಸೊಪ್ಪಿನ ಮನೆಗೆ ಎಣ್ಣು ಕೊಡಾಕಿಲ್ಲ. ಕಾಲು ಸೂಪು, ಕೋಳಿ ಸಾರು ತಿಂದು ಬೆಳ್ದಿರೋ ಮಗಳು. ನಿಮ್ಮನೇಗ್ ಬಂದ್ರೆ ಒಣಗೋಯ್ತಾಳೆ."

ಅಂಜಿನಮ್ಮ ಬಾಗಿಲ ಹಿಂದಿನಿಂದ ಈಚೆ ಬಂದಳು. "ಅಪ್ಪಾ, ಬುಧವಾರ ಊರೋರ್ನೆಲ್ಲ ನೋಡಾಕೆ ಸ್ಕೂಲ್ತಾವ ಲೇಡಿ ಡಾಕ್ಟ್ರು ಬತ್ತಾರೆ. ಇಬ್ರೂ ಅವ್ರ ಮುಂದೆ ನಿಂತ್ಕಂತೀವಿ. ಇವ್ರು ಪೀಚು ಅಂದ್ರೆ ನೀನೇಳಿದ್ದೇ ಸರಿ. ಇವ್ರೂ ನನ್ನಂಗೆ ಗಟ್ಟಿ ಅಂದ್ರೆ ನೀನು ಒಪ್ಕಬೇಕು."

"ಆಗ್ಲಿ" ಅಂದ ಪಿಳ್ಳಪ್ಪ. ಸೋಲುವ ಭಯ ಅವನಿಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ.

ಬುಧವಾರ ಶಾಲೆಯ ಜಗುಲಿಯಲ್ಲಿ ಲೇಡಿ ಡಾಕ್ಟರು ಆನಂದಪ್ಪನ ಕಣ್ಣರೆಪ್ಪೆ ಎಳೆದು, ಉಗುರು ಒತ್ತಿ, "ಚೆನ್ನಾಗಿದೆ. ಮುಂದೆ" ಅಂದರು. ಅಂಜಿನಮ್ಮ ಅಪ್ಪನ ಕಡೆ ಗೆದ್ದ ನಗೆ ಬೀರಿ ಮುಂದೆ ಬಂದಳು. ಡಾಕ್ಟರು ಅವಳ ಕಣ್ಣನ್ನು ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದರು.

"ರಕ್ತವೇ ಇಲ್ವಲ್ಲಮ್ಮ! ನೀರು ಹೊತ್ತು ತಂದ್ರೆ ಏದುಸಿರು ಬರುತ್ತಾ?"

"ಬತ್ತದೆ. ಎಲ್ರಿಗೂ ಬರಾಕಿಲ್ವಾ?"

"ಏನು ತಿಂತೀಯ?"

"ಎಲ್ಲಾ ತಿಂತೀನಿ. ಭಾನುವಾರ ಕೋಳಿ ಸಾರು ಮಾಡಿದ್ವಿ."

"ನಿನ್ನ ತಟ್ಟೆಗೆ ಎಷ್ಟು ಚೂರು ಬಿತ್ತು?"

ಅಂಜಿನಮ್ಮ ಹೇಳಲು ಬಾಯಿ ತೆರೆದಳು. ಅಪ್ಪನಿಗೆ ತೊಡೆ, ಅಣ್ಣಂದಿರಿಗೆ ಎದೆ ತುಂಡು. ಅವಳು ಮಡಕೆ ಬಗ್ಗಿಸಿದಾಗ ತಳದಲ್ಲಿ ಉಳಿದಿದ್ದದ್ದು ನೆನಪಾಯಿತು. "ರಸ ಇತ್ತು" ಅಂದಳು, ದನಿ ಸಣ್ಣಗಾಗಿ.

"ಮೊಟ್ಟೆ?"

"ಅದು ಮಾರೋಕೆ."

ಡಾಕ್ಟರು ಪಿಳ್ಳಪ್ಪನ ಕಡೆ ತಿರುಗಿದರು. "ಸೊಪ್ಪು ತಿನ್ನೋ ಮನೇಲೂ ಗಟ್ಟಿಮುಟ್ಟಾಗಿರ್ತಾರೆ, ಎಲ್ಲಾ ತಿನ್ನೋ ಮನೇಲೂ ಇರ್ತಾರೆ. ಆದ್ರೆ ಮಡಕೇಲಿ ಬೆಂದಿದ್ದು ಇವಳ ತಟ್ಟೆಗೂ ಬೀಳಬೇಕಲ್ಲಪ್ಪ!"

ಅಂಜಿನಮ್ಮ ಮಾತ್ರೆ ಇಸಿದುಕೊಂಡು ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು. ಅವಳ ಜೀವಮಾನದಲ್ಲಿ ಅಷ್ಟು ಅವಮಾನ ಎಂದೂ ಆಗಿರಲಿಲ್ಲ. ಎಲ್ಲಾ ತಿನ್ನೋಳು ಎಂದು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು!

ಹಿತ್ತಿಲ ಕಲ್ಲಿನ ಮೇಲೆ ಕೂತು ಎಷ್ಟು ಹೊತ್ತಾಯಿತೋ, ಹೊಗೆ ವಾಸನೆಗೆ ತಲೆ ಎತ್ತಿದಳು. ಆನಂದಪ್ಪ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದ. ಒಲೆಯ ಮೇಲೆ ಚೊಂಬು, ಚೊಂಬಿನಲ್ಲಿ ಅವಳದೇ ಬುಟ್ಟಿಯ ಎರಡು ಮೊಟ್ಟೆ.

"ರೀ, ಏನ್ರೀ ಇದು! ನೀವು ಮುಟ್ಟಬಾರ್ದು!"

"ತಿನ್ನಬಾರ್ದು. ನಿಮಗೆ ಬೇಯಿಸಿ ಕೊಡಬಾರ್ದು ಅಂತ ತಾತ ಹೇಳಿಲ್ಲ."

ಮೊಟ್ಟೆ ಸುಲಿದು ಅಭ್ಯಾಸವಿಲ್ಲದ ಕೈ. ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬಂತು. ಸುಟ್ಟ ಬೆರಳಿಗೆ ಉಫ್ ಉಫ್ ಎಂದು ಊದುತ್ತ, ಹುಬ್ಬು ಗಂಟಿಕ್ಕಿ, ಸರ್ಕಾರಿ ಕೆಲಸದಷ್ಟೇ ಗಮನವಿಟ್ಟು ಸುಲಿದ. ಅಂಜಿನಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

"ನಿಮ್ಮಮ್ಮ ಏನಂತಾರೆ?"

"ಅಮ್ಮಂಗೆ ಹೇಳಾಯ್ತು. ಹಿತ್ತಲಲ್ಲಿ ನಿಮಗೆ ಅಂತ ಬೇರೆ ಒಲೆ. ಕೋಳಿಗೂ ಜಾಗ ಮಾಡ್ತೀನಿ. ಆದ್ರೆ ನಮ್ಮನೇಲಿ ಒಂದು ಕಟ್ಟು ಇದೆ ಅಂಜಿನಮ್ಮ. ದಾಸರ ಪಂಕ್ತಿ, ಗಂಡಸು ಹೆಂಗಸು ಎಲ್ರೂ ಒಟ್ಟಿಗೆ ಕೂರ್ಬೇಕು. ನೀವು ಕೂರೋವರೆಗೂ ಯಾರೂ ತುತ್ತು ಎತ್ತಲ್ಲ." ಅವನ ಕಿವಿ ಕೆಂಪಾಯಿತು. "ನಂಗೆ ನೀವಂದ್ರೆ ಪ್ರಾಣ ಕಣ್ರೀ. ಬರ್ತೀರಾ?"

"ಅವತ್ತು ಸೌಟು ಇಡ್ಕಂಡೇ ಬಂದ್ಬಿಟ್ಟಿದ್ದೆ ನಾನು" ಅಂದಳು ಅವಳು. "ನಿಮಗೇ ಗೊತ್ತಾಗ್ಲಿಲ್ಲ."

ಹಿಂದೆ ಯಾರೋ ಕೆಮ್ಮಿದರು. ಪಿಳ್ಳಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹತ್ತಿರ ಬಂದು, ಅಂಗೈಯಲ್ಲಿ ತಂದಿದ್ದ ಉಪ್ಪು ಮೆಣಸಿನಪುಡಿಯನ್ನು ಆ ಹರಕು ಮೊಟ್ಟೆಯ ಮೇಲೆ ತಾನೇ ಉದುರಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

"ಉಪ್ಪಿಲ್ದೆ ಎಂಗವ್ವ ತಿಂತೀಯ. ತಿನ್ನು. ಮೊದ್ಲು ನೀನು ತಿನ್ನು."

ಅಂಜಿನಮ್ಮ ತಿಂದಳು. ತಾನೇ ಸಾಕಿದ ಕೋಳಿಯ ಮೊಟ್ಟೆಯನ್ನು ಅಪ್ಪನ ಎದುರು ಕೂತು, ಅವನಿಗಿಂತ ಮೊದಲು ತಿಂದದ್ದು ಅವಳಿಗೆ ಅದೇ ಮೊದಲು. ತಿಂದು ಮುಗಿಸಿ, ಬೆರಳು ನೆಕ್ಕಿ, ಚೊಂಬಿನಿಂದ ಇನ್ನೊಂದನ್ನು ತೆಗೆದು ಆನಂದಪ್ಪನ ಕೈಗಿಟ್ಟಳು.

"ಇನ್ನೊಂದು ಸುಲೀರಿ" ಅಂದಳು. "ಈ ಸಲ ನೆಟ್ಟಗೆ."