ಅಳುಕುಮಾಪಕ

ಚುಕ್ಕಾಣಿಯ ಮೇಲೆ ಸುಕೇಶ ಮೊಗವೀರ ಅಂಗೈ ಊರಿದ ಕೂಡಲೇ ಮುಂದಿದ್ದ ಪುಟ್ಟ ಡಬ್ಬಿಯಲ್ಲಿ ಹಸಿರು ದೀಪ ಹೊತ್ತಿತು, ಗಂಗೊಳ್ಳಿ ಜೆಟ್ಟಿಯ ಗೇಟು ತೆರೆಯಿತು. ಮುಂದಿನ ಒಂದು ಗಂಟೆಯ ಮಟ್ಟಿಗೆ ದೋಣಿಗೆ ವಿಮೆ ಸಿಕ್ಕಿತು ಎಂದರ್ಥ. 2061ರ ಸೆಪ್ಟೆಂಬರಿನ ಆ ಬೆಳಿಗ್ಗೆ ವಿಹಾರಕ್ಕೆ ಬಂದಿದ್ದ ಏಳು ಮಂದಿ ಚಪ್ಪಾಳೆ ತಟ್ಟಿದರು. ಹಸಿರು ದೀಪವಿರುವಾಗ ಲೈಫ್ ಜಾಕೆಟ್ಟು ಯಾರಿಗೆ ಬೇಕು? ಎಲ್ಲವೂ ಸೀಟಿನಡಿಯೇ ಉಳಿದವು. ನಲವತ್ತು ನಿಮಿಷದ ಮೇಲೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಏಳೂ ಮಂದಿ ಬದುಕಿದರು. ಅವರನ್ನು ಒಬ್ಬೊಬ್ಬರನ್ನಾಗಿ ಮಗುಚಿದ ದೋಣಿಯ ಬೆನ್ನಿಗೆ ಹತ್ತಿಸಿದ, ದೋಣಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಸುಕೇಶನ ತಮ್ಮ ನಿತೇಶ ಬದುಕಲಿಲ್ಲ.

ಆ ಡಬ್ಬಿಯ ಹೆಸರು ಅಳುಕುಮಾಪಕ. ಕಂಡುಹಿಡಿದವರು ಕೋಟದ ಡಾ. ಶ್ರಾವ್ಯಾ ಐತಾಳ. ಪಳಗಿದ ದೋಣಿಯವನ ಮೈಗೆ ಅಪಾಯ ಅವನ ತಲೆಗಿಂತ ಮೊದಲೇ ಗೊತ್ತಾಗುತ್ತದೆ. ಅಂಗೈ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಆ ಉಪ್ಪುನೀರಿನಿಂದಾಗಿ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ನಾಡಿಬಡಿತ ಏರುತ್ತದೆ. ಇದನ್ನು ಅಳೆದರೆ ಉಪಗ್ರಹಕ್ಕೂ ಕಾಣದ ಅಲೆಯ ಸುಳಿವು ಹತ್ತು ನಿಮಿಷ ಮುಂಚೆ ಸಿಗುತ್ತದೆ. ಇಷ್ಟೇ ಅವರ ಶೋಧ, ಮತ್ತು ಅದು ನಿಜವೂ ಆಗಿತ್ತು. ಮೊದಲ ಮೂರು ವರ್ಷ ಕರಾವಳಿಯಲ್ಲಿ ಒಂದು ವಿಹಾರದೋಣಿಯೂ ಮುಳುಗಲಿಲ್ಲ. ಆಮೇಲೆ ವಿಮೆಯವರ ಕಣ್ಣು ಅದರ ಮೇಲೆ ಬಿತ್ತು. ಕೆಂಪು ಹೊತ್ತಿದರೆ ವಿಮೆ ಇಲ್ಲ, ವಿಮೆ ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ ಎಂಬ ನಿಯಮ ಬಂತು. ಕಾಗದದ ಮೇಲೆ ಅದಕ್ಕಿಂತ ಚಂದದ ನಿಯಮ ಇರಲಿಲ್ಲ.

ನಿತೇಶ ಹೋದ ಹದಿನಾಲ್ಕನೆಯ ದಿನ ಶ್ರಾವ್ಯಾ ತಾವೇ ಸುಕೇಶನ ಮನೆಗೆ ಬಂದರು. ತನಿಖೆಯ ವರದಿ ಬರೆಯಲು ವಿಮೆಯವರು ಅವರನ್ನೇ ಕೇಳಿದ್ದರು. ಜಗಲಿಯಲ್ಲಿ ಸುಕೇಶ ಕೂತಿದ್ದ. ಬಾಗಿಲಲ್ಲಿ ನಿತೇಶನ ಹೆಂಡತಿ ದೀಕ್ಷಾ ನಿಂತಿದ್ದಳು. ಈ ಹದಿನಾಲ್ಕು ದಿನದಲ್ಲಿ ಸುಕೇಶ ಒಮ್ಮೆಯೂ ಅತ್ತಿರಲಿಲ್ಲ. ಹೆಣದ ಗುರುತು ಹಿಡಿದು ಸಹಿ ಹಾಕಿದ್ದ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡಿದ್ದ. ಕಲ್ಲೆದೆಯವನು ಎಂದು ಊರವರು ಆಡಿಕೊಂಡರು. ಇರಬಹುದು ಎಂದು ಅವನಿಗೂ ಅನಿಸಿತ್ತು, ಅದರಿಂದ ಬೇಸರವೇನೂ ಆಗಿರಲಿಲ್ಲ.

“ಸುಕೇಶಣ್ಣ, ದೋಣಿ ಮಗುಚುವತಿಗೂ ನಿಮ್ಮ ಅಳುಕಿನ ಗೆರೆ ಸೊನ್ನೆಯಂಗೇ ಇತ್ತ್,” ಎಂದು ಶ್ರಾವ್ಯಾ ಪರದೆ ತೋರಿಸಿದರು. “ಯಂತ್ರ ಹಾಳಾಯ್ಲಿಲ್ಲ, ನಾನೇ ಬಿಚ್ಚಿ ಕಂಡೆ. ನಿಮ್ಗೆ ಹೆದ್ರಿಕೆಯೇ ಆಯ್ಲಿಲ್ಯಾ?”

“ಇಲ್ಲ ಮೇಡಂ. ಮಾತ್ರೆ ತಿಂದಿದ್ದೆ.”

“ಎಂತ ಮಾತ್ರೆ?”

“ಕೈ ನಡುಗುದಕ್ಕೆ ಕೊಡ್ತ್ರಲೆ, ಅದು. ತಿಂದ್ರೆ ಹೆದ್ರಿಕೆಯೇ ಆಪುದಿಲ್ಲ. ಬೆಳಿಗ್ಗೆ ಚಾಕ್ಕಿಂತ ಮುಂಚೆ ಒಂದ್, ಈಗ್ಲೂ. ಮೂವತ್ನಾಕ್ ದೋಣಿಯವ್ರೂ ತಿಂಬುದೇ. ಕೆಂಪು ಬಂದ್ರೆ ಗೇಟ್ ತೆಗಿಯುದಿಲ್ಲ, ಬಂದ ಜನ ಪಕ್ಕದ ದೋಣಿಗ್ ಹೋತ್ರ್.”

ಶ್ರಾವ್ಯಾರ ಮುಖ ಬಿಳಿಚಿಕೊಂಡದ್ದನ್ನು ಸುಕೇಶ ಸುಮ್ಮನೆ ನೋಡಿದ. ಅಳುಕನ್ನು ಅಳೆಯುವ ಯಂತ್ರ ಬಂದರೆ ಜನ ಅಳುಕನ್ನೇ ಅಡಗಿಸಿಬಿಡುತ್ತಾರೆ ಎಂಬುದು ಆ ಜಾಣ ಹೆಂಗಸಿಗೆ ಹೊಳೆದೇ ಇರಲಿಲ್ಲ.

“ಇದನ್ನ ಬರೆದ್ರೆ ದೀಕ್ಷಂಗೆ ವಿಮೆಯವ್ರ್ ಎಂತದೂ ಕೊಡುದಿಲ್ಲ,” ಎಂದರು ಅವರು ಕೊನೆಗೆ. “ಬರೀದಿದ್ರೆ ನಾಳೆಯೂ ಎಲ್ಲ ದೋಣಿ ಹೀಂಗೇ ಹೊರಡ್ತೋ. ನೀವೇ ಹೇಳಿ, ಎಂತ ಮಾಡ್ಲಿ?”

ಯಾವುದು ಸರಿ ಎಂದು ಸುಕೇಶನಿಗೆ ಗೊತ್ತಿತ್ತು. ಆದರೆ ಒಳಗಿನಿಂದ ಏನೂ ಅವನನ್ನು ಅತ್ತಲೂ ತಳ್ಳಲಿಲ್ಲ, ಇತ್ತಲೂ ಎಳೆಯಲಿಲ್ಲ. ಅವನು ದೀಕ್ಷಾಳ ಕಡೆ ತಿರುಗಿದ.

“ಬಾವ, ಹೆದ್ರಿಕೆ ಆಯಿದ್ರೆ ನೀವ್ ದೋಣಿ ತಿರ್ಗಿಸ್ತಿದ್ರಿ ಅಲ್ದಾ?” ಎಂದು ಕೇಳಿದಳು ಅವಳು.

“ತಿರ್ಗಿಸ್ತಿದ್ದೆ.”

“ಹಂಗಾರೆ ಬರ್ಕಣಿ ಮೇಡಂ,” ಎಂದು ದೀಕ್ಷಾ ಒಳಗೆ ಹೋದಳು.

ವರದಿ ಹೋಯಿತು. ದೀಕ್ಷಾಳಿಗೆ ಏನೂ ಬರಲಿಲ್ಲ, ಅವಳು ಮೀನು ಶುಚಿ ಮಾಡುವ ಕಾರ್ಖಾನೆ ಸೇರಿದಳು. ಮಾತ್ರೆಗೆ ನಿಷೇಧ ಬಂತು, ಡಬ್ಬಿಗಳನ್ನು ಬಿಚ್ಚಿ ಒಯ್ದರು. ಹೋಗುವುದೋ ಬಿಡುವುದೋ ಎಂಬುದು ಮತ್ತೆ ದೋಣಿಯವನ ಬಾಯಿಮಾತಿಗೆ ಬಂತು. ಮಾತ್ರೆ ಬಿಟ್ಟ ಮೇಲೂ ಸುಕೇಶ ಎರಡು ತಿಂಗಳು ಮರದ ಹಾಗೆಯೇ ಇದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ, ಹೊಸ ದೋಣಿಯಲ್ಲಿ ಆರು ಮಂದಿಯನ್ನು ಕೂರಿಸಿ ಅವನು ಚುಕ್ಕಾಣಿ ಹಿಡಿದ. ಅಂಗೈ ಒದ್ದೆಯಾಯಿತು. ಲುಂಗಿಗೆ ಒರೆಸಿಕೊಂಡ, ಮತ್ತೆ ಒದ್ದೆಯಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಹಗ್ಗ ಬಿಚ್ಚಲು ಹಳೆಯ ರೂಢಿಯಂತೆ ನಿತೇಶನನ್ನು ಕೂಗಿ ಕರೆಯಲು ಹೋದ. ದನಿಯ ಬದಲು ಅಳು ಬಂತು, ತಡೆದರೂ ನಿಲ್ಲದ ಅಳು.

“ನಂಗೆ ಹೆದ್ರಿಕೆ ಆತ್ತ್,” ಎಂದ ಅವನು, ಜನರ ಕಡೆ ತಿರುಗಿ. “ಇವತ್ತ್ ಬ್ಯಾಡ. ದಯಮಾಡಿ ಇಳೀರಿ.”

ಅವರು ಗೊಣಗುತ್ತ ಇಳಿದರು. ಹೆದರುಪುಕ್ಕಲ, ಇವನಿಗೆ ದೋಣಿ ಯಾಕೆ ಎಂದು ಒಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ. ಆ ದಿನ ಅಳಿವೆಯಲ್ಲಿ ಏನೂ ಆಗಲಿಲ್ಲ; ಹೋದ ದೋಣಿಗಳೆಲ್ಲ ಸುಖವಾಗಿ ಮರಳಿದವು. ಇಳಿದ ಆರು ಮಂದಿ, ನಾವು ಈಗಲೂ ಮಾಡುವ ಹಾಗೆ, ‘ಏನೂ ಆಗುವುದಿಲ್ಲ ಬನ್ನಿ’ ಎಂದ ಪಕ್ಕದವನ ದೋಣಿಗೆ ಹತ್ತಿದ್ದರು.